ಹಳ್ಳಿಯ ಯುವ ಸಂಘಕ್ಕೆ ಹಿರಿಯರಾಗಿ ಹೋಗುವ ಮುನ್ನ

ಪ್ರಶ್ನೆ: ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ವಯಸ್ಸು 42. ನಮ್ಮ ಹಳ್ಳಿಯಲ್ಲಿ 10ರಿಂದ 18 ವರ್ಷದ ಮಕ್ಕಳಿಗಾಗಿ ಒಂದು ಯುವ ಸಂಘವಿದೆ. ಕರು, ಕುರಿ, ಕೋಳಿ ಸಾಕಣೆ, ತರಕಾರಿ ತೋಟ, ಭಾಷಣ, ಪ್ರದರ್ಶನ ಎಲ್ಲವೂ ನಡೆಯುತ್ತವೆ. ಬಹಳ ಕಾಲ ಅದನ್ನು ನೋಡಿಕೊಂಡ ಹಿರಿಯರು ಈಗ ಬಿಡುತ್ತಿದ್ದಾರೆ. ಅವರ ಜಾಗಕ್ಕೆ ಸ್ವಯಂಸೇವಕಿಯಾಗಿ ಬನ್ನಿ ಎಂದು ನನ್ನನ್ನು ಕೇಳಿದ್ದಾರೆ. ನನಗೆ ಪಶುಪಾಲನೆ ಗೊತ್ತಿಲ್ಲ, ಮಕ್ಕಳ ಗುಂಪನ್ನು ನಡೆಸಿದ ಅನುಭವವೂ ಇಲ್ಲ. ನನ್ನ ಮಗನೂ ಅಲ್ಲಿ ಸದಸ್ಯ. ಕೆಲವು ಪೋಷಕರು ಎಲ್ಲದರಲ್ಲೂ ತಲೆಹಾಕುತ್ತಾರಂತೆ. ಏನಾದರೂ ಅನಾಹುತವಾದರೆ ಹೊಣೆ ನನ್ನದೇ? ಎಷ್ಟು ಸಮಯ ಬೇಕಾದೀತು? ಒಪ್ಪಿಕೊಳ್ಳಲೇ?

ಉತ್ತರ: ಒಪ್ಪಿಕೊಳ್ಳಿ. ಆದರೆ ಎರಡು ಷರತ್ತು ಹಾಕಿ, ಅವನ್ನು ಮೊದಲ ಮಾತುಕತೆಯಲ್ಲೇ ಹೇಳಿಬಿಡಿ. ನಿಮ್ಮಷ್ಟೇ ಜವಾಬ್ದಾರಿ ಹೊರುವ ಇನ್ನೊಬ್ಬ ವಯಸ್ಕರು ಜೊತೆಗಿರಬೇಕು, ಅವರು ನಿಮ್ಮ ಮನೆಯವರಾಗಿರಬಾರದು. ಎರಡನೆಯದು, ನೀವು ಎಷ್ಟು ವರ್ಷ ಇರುತ್ತೀರಿ ಎಂಬುದು ಈಗಲೇ ತೀರ್ಮಾನವಾಗಬೇಕು. ಇವೆರಡಕ್ಕೂ ಅವರು ಒಪ್ಪದಿದ್ದರೆ ನಯವಾಗಿ ಬೇಡವೆಂದು ಬನ್ನಿ. ಒಬ್ಬರ ಹೆಗಲ ಮೇಲೆ ನಿಂತ ಸಂಘ ಆ ಒಬ್ಬರು ದಣಿದ ದಿನ ಕುಸಿಯುತ್ತದೆ. ನಿಮ್ಮ ಊರಿನ ಹಿರಿಯರು ಬಿಡುತ್ತಿರುವುದಕ್ಕೂ ಬಹುಶಃ ಅದೇ ಕಾರಣವಿರಬಹುದು, ಒಮ್ಮೆ ಕೇಳಿ ನೋಡಿ.

ಪಶುಪಾಲನೆ ಗೊತ್ತಿಲ್ಲವೆಂಬುದು ನೀವು ಅಂದುಕೊಂಡಷ್ಟು ದೊಡ್ಡ ಕೊರತೆಯಲ್ಲ. ಇಂಥ ಸಂಘಗಳ ಹಿರಿಯರಿಗೆ ತರಬೇತಿ ಕೊಡುವ ಕೆಲಸದಲ್ಲಿ ನಾನು ಕಂಡಂತೆ, ವಿಷಯವನ್ನು ಅರೆದು ಕುಡಿದವರನ್ನು ಹಿಡಿದು ನಿಲ್ಲಿಸುವುದೇ ಹೆಚ್ಚು ಕಷ್ಟ. ಕರುವಿನ ನಡಿಗೆ ಕಂಡ ಕೂಡಲೇ ದೋಷ ಎಲ್ಲಿದೆ ಎಂದು ಅವರಿಗೆ ತಿಳಿದುಬಿಡುತ್ತದೆ. ತಿಳಿದದ್ದು ಬಾಯಿಂದ ಹೊರಬೀಳುತ್ತದೆ. ಹುಡುಗಿ ಯೋಚಿಸಲು ಶುರುಮಾಡುವ ಮೊದಲೇ ಉತ್ತರ ಅವಳ ಮುಂದೆ ಬಂದು ಕೂತಿರುತ್ತದೆ. ಗೊತ್ತಿಲ್ಲದವರಿಗೆ ಆ ಚಪಲವಿಲ್ಲ. ‘ನನಗೂ ಗೊತ್ತಿಲ್ಲ, ಯಾರನ್ನು ಕೇಳೋಣ?’ ಎಂದು ಹೇಳಲು ಅವರಿಗೆ ಸಂಕೋಚವಾಗುವುದಿಲ್ಲ. ಪಶುವೈದ್ಯರು, ಅನುಭವಿ ರೈತರು, ಪಕ್ಕದೂರಿನ ಜೇನು ಸಾಕುವವರು ಇವರನ್ನು ಒಂದು ಸಂಜೆಗೆ ಕರೆಸಬಹುದು. ಅವರನ್ನು ಕರೆಯುವ ಪತ್ರವನ್ನು ಕೂಡ ಮಕ್ಕಳೇ ಬರೆಯಬಹುದು. ತಪ್ಪದೆ ಬರುವ, ಹೇಳಿದ ಮಾತು ನಡೆಸುವ, ಸಿಟ್ಟನ್ನು ನುಂಗಬಲ್ಲ ಹಿರಿಯರು ಮಾತ್ರ ಹಾಗೆ ಒಂದು ಸಂಜೆಗೆ ಸಿಗುವವರಲ್ಲ.

ಇಡೀ ಕೆಲಸ ಒಂದು ಗಡಿರೇಖೆಯನ್ನು ಕಾಯುವುದರಲ್ಲಿದೆ. ಸಭೆ, ತೀರ್ಮಾನ, ದಾಖಲೆ, ಕರು, ಗಿಡ, ಗೆಲುವು, ಸೋಲು ಇವು ಮಕ್ಕಳವು. ಸುರಕ್ಷತೆ, ಹಣದ ಮೇಲಿನ ನಿಗಾ, ಎಲ್ಲರಿಗೂ ಸಮಾನ ಅವಕಾಶ ಇವು ನಿಮ್ಮವು. ಅವರದನ್ನು ನೀವು ಮಾಡಬಾರದು, ನಿಮ್ಮದನ್ನು ಅವರ ಮೇಲೆ ಹೊರಿಸಬಾರದು. ಹದಗೆಟ್ಟ ಸಂಘಗಳನ್ನು ನೋಡಿದರೆ ಬಹುಪಾಲು ಇದು ತಲೆಕೆಳಗಾಗಿರುತ್ತದೆ. ಹಿರಿಯರು ಸಭೆ ನಡೆಸುತ್ತಾರೆ, ಭಾಷಣ ಬರೆದುಕೊಡುತ್ತಾರೆ, ಪ್ರದರ್ಶನದ ಹಿಂದಿನ ರಾತ್ರಿ ಕರುವಿನ ಮೈಯನ್ನು ತಾವೇ ತಿಕ್ಕಿ ತೊಳೆಯುತ್ತಾರೆ. ಟ್ರ್ಯಾಕ್ಟರ್ ಮೇಲೆ ಮಾತ್ರ 12 ವರ್ಷದ ಹುಡುಗನನ್ನು ಕೂರಿಸುತ್ತಾರೆ.

ಈ ಗಡಿರೇಖೆ ಹೊಸದಲ್ಲ. 1902ರ ಜನವರಿಯಲ್ಲಿ ಅಮೆರಿಕದ ಓಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕರು ಹಳ್ಳಿಯ ಹುಡುಗ ಹುಡುಗಿಯರನ್ನು ಸೇರಿಸಿ ಒಂದು ಕ್ಲಬ್ ಆರಂಭಿಸಿದರು. ಮುಂದೆ ಫೋರ್-ಎಚ್ ಎಂದು ಹೆಸರಾದ ಮಕ್ಕಳ ಕ್ಲಬ್‌ಗಳ ಚಳವಳಿಯ ಬೇರು ಅಲ್ಲಿದೆ ಎನ್ನುತ್ತಾರೆ. ಮಕ್ಕಳು ಮಣ್ಣು ಪರೀಕ್ಷೆ ಮಾಡಿದರು, ಮೆಕ್ಕೆಜೋಳದ ಒಳ್ಳೆಯ ಬಿತ್ತನೆ ಬೀಜ ಆರಿಸಿ ಬೆಳೆದು ನೋಡಿದರು. ಕೃಷಿ ಕಾಲೇಜುಗಳು ಹೇಳುತ್ತಿದ್ದ ಹೊಸ ಪದ್ಧತಿಗಳನ್ನು ದೊಡ್ಡವರು ಅನುಮಾನದಿಂದ ನೋಡುತ್ತಿದ್ದ ಕಾಲವದು. ಮಕ್ಕಳ ತಾಕಿನಲ್ಲಿ ಬಂದ ಬೆಳೆಯನ್ನು ಕಣ್ಣಾರೆ ಕಂಡ ಮೇಲೆ ಅವರೂ ಬದಲಾದರು. ಅಯೋವಾದಲ್ಲಿ ಜೆಸ್ಸಿ ಫೀಲ್ಡ್ ಎಂಬ ಶಿಕ್ಷಕಿ ಇದೇ ದಾರಿ ಹಿಡಿದರು. ಇಂಗ್ಲೆಂಡಿನಲ್ಲಿ ಯುವ ರೈತರ ಕ್ಲಬ್‌ಗಳ ಕಥೆ 1921ರಲ್ಲಿ ಡೆವನ್ ಪ್ರಾಂತದ ಹೆಮಿಯಾಕ್ ಎಂಬ ಹಳ್ಳಿಯಿಂದ, ಮಕ್ಕಳು ಕರು ಸಾಕುವುದರಿಂದ ಶುರುವಾಗುತ್ತದೆ. ಐರ್ಲೆಂಡಿನ ಗ್ರಾಮೀಣ ಯುವಜನರ ಸಂಘಟನೆ ಮಾಕ್ರಾ ನಾ ಫೆರ್ಮೆ 1944ರದ್ದು. ದೇಶ ಬೇರೆ, ಬೆಳೆ ಬೇರೆ. ಆದರೆ ಕರುವಿನ ಹಗ್ಗ ಮಗುವಿನ ಕೈಯಲ್ಲಿ, ದೊಡ್ಡವರು ಪಕ್ಕದಲ್ಲಿ ಎಂಬ ಏರ್ಪಾಡು ಒಂದೇ. ಹಗ್ಗ ದೊಡ್ಡವರ ಕೈಗೆ ಬಂದರೆ ಅದು ಮಕ್ಕಳು ನೋಡಲು ಬಂದ ಇನ್ನೊಂದು ಕೊಟ್ಟಿಗೆ, ಅಷ್ಟೇ.

ಸಭೆಯ ಮಾತು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನೀವು ಮೊದಲು ಎಡವುವ ಸಾಧ್ಯತೆ ಅಲ್ಲೇ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದು ಮಕ್ಕಳೇ ತಮ್ಮೊಳಗೆ ಆರಿಸಿಕೊಂಡಿರುತ್ತಾರೆ. ಇಲ್ಲದಿದ್ದರೆ ಗುಪ್ತ ಮತದಾನದಲ್ಲಿ ಆರಿಸಿಕೊಳ್ಳಲಿ. ಕೈಯೆತ್ತಿಸುವುದು ಬೇಡ, ಸಣ್ಣ ಊರಿನಲ್ಲಿ ಯಾರು ಯಾರಿಗೆ ಕೈಯೆತ್ತಲಿಲ್ಲ ಎಂಬುದು ಮನೆಮನೆಗೂ ತಲುಪುತ್ತದೆ. ಸಭೆಗೆ ಎರಡು ಮೂರು ದಿನ ಮೊದಲು ಪದಾಧಿಕಾರಿಗಳ ಜೊತೆ ಅರ್ಧ ಗಂಟೆ ಕುಳಿತು ಕಾರ್ಯಸೂಚಿ ಬರೆಸಿ. ನಿಮ್ಮ ಸಲಹೆ, ಎಚ್ಚರಿಕೆ, ಒತ್ತಾಯ ಎಲ್ಲವನ್ನೂ ಅಲ್ಲೇ ಹೇಳಿ ಮುಗಿಸಿ. ಸಭೆಯ ದಿನ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಮುಂದೆ ಮೇಜಿನ ಬಳಿ ಕುರ್ಚಿ ಹಾಕಿದ್ದರೆ ನೀವೇ ಎತ್ತಿ ಹಿಂದಕ್ಕೆ ಇಟ್ಟುಕೊಳ್ಳಿ. ನೀವು ಮುಂದೆ ಕುಳಿತರೆ ಅಧ್ಯಕ್ಷ ಸ್ಥಾನದ ಹುಡುಗ ಪ್ರತಿ ವಾಕ್ಯಕ್ಕೂ ನಿಮ್ಮ ಮುಖ ನೋಡುತ್ತಾನೆ, ಸದಸ್ಯರು ಅವನನ್ನು ಬಿಟ್ಟು ನಿಮಗೆ ಉತ್ತರ ಕೊಡುತ್ತಾರೆ.

ಅವನು ತಡವರಿಸುತ್ತಾನೆ. ಸದ್ದು ಏಳುತ್ತದೆ, ಇಬ್ಬರು ಜಗಳವಾಡುತ್ತಾರೆ, ಒಬ್ಬಳು ತನ್ನ ಸರದಿ ಬಂದಾಗ ಮಾತು ಮರೆತು ನಿಲ್ಲುತ್ತಾಳೆ. ಆಗ ಎದ್ದು ಬಿಡಬೇಕು ಅನ್ನಿಸುತ್ತದೆ. ಮನಸ್ಸಿನಲ್ಲೇ ನಿಧಾನವಾಗಿ ಹತ್ತು ಎಣಿಸಿ. ಬಹಳ ಸಲ ಆರೇಳು ಎನ್ನುವಷ್ಟರಲ್ಲಿ ಗುಂಪಿನಿಂದಲೇ ಯಾರೋ ಎತ್ತಿಕೊಳ್ಳುತ್ತಾರೆ. ಮಕ್ಕಳ ತೀರ್ಮಾನ ನಿಮಗೆ ಹಿಡಿಸದಿರಬಹುದು. ತೋಟಕ್ಕೆ ಮಳೆಗಾಲದ ಮಧ್ಯದಲ್ಲಿ ಟೊಮೆಟೊ ಹಾಕೋಣ ಎನ್ನಬಹುದು. ನಷ್ಟ ಎಷ್ಟಾದೀತು ಎಂದು ಲೆಕ್ಕ ಹಾಕಲು ಹೇಳಿ, ಅದು ಸಂಘ ತಾಳುವಷ್ಟಿದ್ದರೆ ಬಿಡಿ. ಗಿಡ ಕೊಳೆತು ಹೋದ ಮೇಲೆ ‘ನಾನು ಹೇಳಿರಲಿಲ್ಲವೇ’ ಎಂಬ ಮಾತು ಮಾತ್ರ ಆಡಬೇಡಿ. ಅದನ್ನು ಹೇಳುವವರು ಅವರ ಮನೆಗಳಲ್ಲಿ ಸಾಕಷ್ಟು ಮಂದಿ ಇದ್ದಾರೆ.

ಹಾಗೆಂದು ಎಲ್ಲವನ್ನೂ ಅವರ ಮೇಲೆ ಬಿಟ್ಟು ಮೊಬೈಲ್ ನೋಡುತ್ತಾ ಕೂರುವುದೂ ಅಲ್ಲ. ರೋಜರ್ ಹಾರ್ಟ್ ಎಂಬ ವಿದ್ವಾಂಸರು 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ತೋರಿಸಿದರು. ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಭಾಗವಹಿಸುವಿಕೆ ಎಂದು ಒಪ್ಪುವುದೇ ಇಲ್ಲ: ಮಕ್ಕಳನ್ನು ದೊಡ್ಡವರ ಉದ್ದೇಶಕ್ಕೆ ಬಳಸುವುದು, ವೇದಿಕೆಯ ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಅಭಿಪ್ರಾಯ ಕೇಳುವುದು. ಇಷ್ಟನ್ನು ಹಲವರು ಬಲ್ಲರು. ಅವರು ಮರೆಯುವುದು ಏಣಿಯ ತುದಿಯನ್ನು. ತುದಿಯ ಮೆಟ್ಟಿಲಲ್ಲಿ ಮಕ್ಕಳು ಒಂಟಿಯಾಗಿಲ್ಲ. ಮಕ್ಕಳು ಆರಂಭಿಸಿದ ಕೆಲಸದಲ್ಲಿ ದೊಡ್ಡವರೂ ಸೇರಿ ತೀರ್ಮಾನ ಮಾಡುತ್ತಾರೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಕೂಡ ಮಗುವಿನ ಮಾತಿಗೆ ಅದರ ವಯಸ್ಸು ಮತ್ತು ಪ್ರೌಢಿಮೆಗೆ ತಕ್ಕ ತೂಕ ಕೊಡಿ ಎನ್ನುತ್ತದೆ. ಹತ್ತರ ಹುಡುಗಿಗೆ ಎರಡು ಆಯ್ಕೆ ಕೊಟ್ಟು ಕೇಳಿ, ಹದಿನೇಳರವಳಿಗೆ ಖಾಲಿ ಹಾಳೆ ಕೊಡಿ.

ಈ ವಯಸ್ಸಿನ ಅಂತರವೇ ಹಳ್ಳಿಯ ಸಂಘದ ದೊಡ್ಡ ತಲೆನೋವು. ಪಟ್ಟಣದಲ್ಲಾದರೆ ವಯಸ್ಸಿಗೊಂದು ಗುಂಪು ಮಾಡಬಹುದು, ಹಳ್ಳಿಯಲ್ಲಿ ಅಷ್ಟು ಮಕ್ಕಳೇ ಇರುವುದಿಲ್ಲ. ಚಿಕ್ಕವರಿಗೆ ಸಭೆ ಬೇಸರ, ದೊಡ್ಡವರಿಗೆ ಆಟ ಬಾಲಿಶ. ಸಭೆಯ ಕಲಾಪವನ್ನು ಇಪ್ಪತ್ತು ನಿಮಿಷಕ್ಕೆ ಮುಗಿಸಿ, ಕೈಯಿಂದ ಮಾಡುವ ಕೆಲಸಕ್ಕೆ ಹೆಚ್ಚು ಹೊತ್ತು ಕೊಡಿ, ಕೊನೆಗೆ ಆಟ ಇರಲಿ. ದೊಡ್ಡವರಿಗೆ ಚಿಕ್ಕವರನ್ನು ಜೋಡಿ ಮಾಡಿ. ಕುರಿಯ ಗೊರಸು ಕತ್ತರಿಸುವುದನ್ನು 16ರ ಹುಡುಗ 11ರವನಿಗೆ ಕಲಿಸುವಾಗ ಇಬ್ಬರೂ ಕಲಿಯುತ್ತಾರೆ. ಹದಿನಾರು ಹದಿನೇಳರ ಸುಮಾರಿಗೆ ಸಂಘ ಬಿಡುವವರು ಹೆಚ್ಚು. ಮಾಡಲು ನಿಜವಾದ ಕೆಲಸವಿಲ್ಲ ಅನ್ನಿಸಿದಾಗ ಅವರು ಹೊರಟುಬಿಡುತ್ತಾರೆ. ಹುಡುಗಿಯರ ವಿಷಯದಲ್ಲಿ ಇನ್ನೊಂದು ಎಚ್ಚರ: ಕಾರ್ಯದರ್ಶಿಯ ಪುಸ್ತಕ ಮತ್ತು ಚಹಾದ ತಟ್ಟೆ ವರ್ಷವರ್ಷವೂ ಅವರ ಕೈಗೇ, ಅಧ್ಯಕ್ಷ ಸ್ಥಾನ ಹುಡುಗರಿಗೇ ಹೋಗುತ್ತಿದ್ದರೆ ಅದು ಆಕಸ್ಮಿಕವಲ್ಲ. ಅಲ್ಲಿ ನೀವು ಮಾತಾಡಬೇಕು, ಏಕೆಂದರೆ ಅವಕಾಶ ನಿಮ್ಮ ಕಡೆಯ ವಿಷಯ.

ಪ್ರತಿ ಮಗುವಿಗೂ ತನ್ನದೇ ಒಂದು ಕೆಲಸ, ಇಡೀ ಋತು ನಡೆಯುವಂಥದ್ದು, ಇರಬೇಕು. ಕರು, ಆರು ಕೋಳಿ, ಒಂದು ಮಡಿ ಬೀನ್ಸ್, ಊರಿನ ಬಾವಿಗಳ ನೀರಿನ ಮಟ್ಟದ ದಾಖಲೆ, ಹಳೆಯ ಪಂಪ್‌ಸೆಟ್ ಬಿಚ್ಚಿ ಜೋಡಿಸುವುದು, ಏನಾದರೂ ಆಗಬಹುದು. ಸಂಘ ಕರುವನ್ನೇ ದೊಡ್ಡದು ಮಾಡಿದರೆ ಭೂಮಿಯೂ ಕೊಟ್ಟಿಗೆಯೂ ಇಲ್ಲದ ಮನೆಯ ಮಕ್ಕಳು ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ, ಕಾರಣವನ್ನೂ ಹೇಳುವುದಿಲ್ಲ. ಸಂಘದ್ದೇ ಒಂದು ತುಂಡು ನೆಲ, ಸಂಘದ್ದೇ ಒಂದು ಕೋಳಿಗೂಡು ಹುಡುಕಿ. ಶಾಲೆಯ ಹಿತ್ತಲು, ಯಾರದೋ ಬೀಳು ಜಮೀನು, ಎಲ್ಲಾದರೂ ಸರಿ. ಭೂಮಿ ಕೊಟ್ಟವರಿಂದ ಎಷ್ಟು ವರ್ಷಕ್ಕೆ ಎಂದು ಬರೆಸಿಕೊಳ್ಳಿ. ಮಕ್ಕಳು ಗೊಬ್ಬರ ಹಾಕಿ ಹದಮಾಡಿದ ಮೇಲೆ ನೆಲದ ಮೇಲೆ ಮಾಲೀಕರಿಗೆ ಹಠಾತ್ತನೆ ಪ್ರೀತಿ ಹುಟ್ಟುವುದುಂಟು.

ಕೆಲಸದ ಜೊತೆಗೆ ದಾಖಲೆ ಪುಸ್ತಕ. ಇದರ ಬಗ್ಗೆ ಮಕ್ಕಳು ಗೊಣಗುತ್ತಾರೆ, ಆದರೂ ಬಿಡಬೇಡಿ. ಇಲ್ಲಿ ಬ್ಯಾಂಕಿನವರಾದ ನೀವು ನಿಜಕ್ಕೂ ಕೆಲಸಕ್ಕೆ ಬರುತ್ತೀರಿ. ಯಾವ ದಿನ ಎಷ್ಟು ಮೇವು, ಯಾವಾಗ ಜಂತುಹುಳುವಿನ ಔಷಧಿ, ತೂಕ ಎಷ್ಟು, ಖರ್ಚು ಎಷ್ಟು ಎಂದು ಅವರದೇ ಅಕ್ಷರದಲ್ಲಿ ಇರಲಿ. ತೂಕದ ಯಂತ್ರವಿಲ್ಲದಿದ್ದರೆ ಕರುವಿನ ಎದೆಯ ಸುತ್ತಳತೆ ಮತ್ತು ಮೈಯುದ್ದವನ್ನು ಟೇಪಿನಿಂದ ಅಳೆದು ಸೂತ್ರದಲ್ಲಿ ಹಾಕಿದರೆ ಅಂದಾಜು ತೂಕ ಸಿಗುತ್ತದೆ. ಸುತ್ತಳತೆಯನ್ನು ಇಂಚಿನಲ್ಲಿ ವರ್ಗ ಮಾಡಿ, ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡು, ಅದನ್ನು 2.2ರಿಂದ ಭಾಗಿಸಿದರೆ ಕಿಲೋ. ಗಣಿತವೆಂದರೆ ಓಡುವ ಹುಡುಗ ತನ್ನ ಕರುವಿಗಾಗಿ ಈ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಾನೆ. ತಿಂಗಳಿಗೊಮ್ಮೆ ಪುಸ್ತಕ ತೆರೆದು ಕೇಳಬೇಕಾದ ಪ್ರಶ್ನೆಗಳು ಸರಳ. ಏನು ಮಾಡಬೇಕೆಂದಿದ್ದೆ? ಏನಾಯಿತು? ಯಾಕೆ ಹಾಗಾಯಿತು ಅನ್ನಿಸುತ್ತದೆ? ಮುಂದಿನ ತಿಂಗಳು ಏನು ಬದಲಿಸುತ್ತೀಯ? ಉತ್ತರ ಬರುವವರೆಗೆ ಕಾಯಿರಿ. ಕೆಲಸ ಮಾಡಿದ್ದರಿಂದ ಮಾತ್ರ ಕಲಿಕೆ ಆಗುವುದಿಲ್ಲ. ಮಾಡಿದ್ದನ್ನು ತಿರುಗಿ ನೋಡಿದಾಗ ಆಗುತ್ತದೆ.

ಸಾಕಿದ ಪ್ರಾಣಿಯನ್ನು ಮಾರುವ ದಿನದ ಬಗ್ಗೆ ಯಾರೂ ನಿಮಗೆ ಮೊದಲೇ ಹೇಳುವುದಿಲ್ಲ. ಹೆಸರಿಟ್ಟು, ಕೈಯಿಂದ ಹಾಲು ಕುಡಿಸಿ ಬೆಳೆಸಿದ ಟಗರು ಲಾರಿ ಹತ್ತುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪ್ರಾಣಿ ತರುವ ಮೊದಲೇ ಮಗುವಿಗೂ ಮನೆಯವರಿಗೂ ಸ್ಪಷ್ಟವಾಗಿ ಹೇಳಿರಬೇಕು. ‘ಒಳ್ಳೆಯ ಮನೆಗೆ ಹೋಗುತ್ತದೆ’ ಎಂಬ ಸುಳ್ಳು ಬೇಡ. ಮಾರುವುದಕ್ಕಾಗಿ ಸಾಕುವುದು ಬೇಡವೆನ್ನುವ ಮಗುವಿಗೆ ಮೊಟ್ಟೆಯ ಕೋಳಿ, ಹಾಲಿನ ಕರು, ತೋಟ ಹೀಗೆ ಬೇರೆ ದಾರಿ ತೋರಿಸಿ. ಮಾರಿದ ದಿನ ಅತ್ತರೆ ಅಳಲಿ. ರೈತನ ಮಕ್ಕಳು ಅಳಬಾರದು ಎಂದು ಗದರುವ ಗಂಡಸರು ಪ್ರತಿ ಊರಿನಲ್ಲೂ ಇರುತ್ತಾರೆ, ಅವರನ್ನು ಸ್ವಲ್ಪ ದೂರ ನಿಲ್ಲಿಸಿ.

ಇನ್ನು ನಿಮ್ಮ ಭಯದ ವಿಷಯ, ಅನಾಹುತ ಮತ್ತು ಹೊಣೆ. ಇಲ್ಲಿ ಮಕ್ಕಳ ಮತವನ್ನು ಕೇಳಬೇಕಾಗಿಲ್ಲ.

ಸಂಘದ ಯಾವ ಕಾರ್ಯಕ್ರಮವೂ ಇಬ್ಬರು ವಯಸ್ಕರಿಲ್ಲದೆ ನಡೆಯಬಾರದು. ಒಬ್ಬರಿಗೆ ಏನಾದರೂ ಆದರೆ, ಅಥವಾ ಒಬ್ಬರು ಗಾಯಗೊಂಡ ಮಗುವಿನ ಜೊತೆ ಆಸ್ಪತ್ರೆಗೆ ಹೋದರೆ ಉಳಿದವರನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಅದಕ್ಕಿಂತ ದೊಡ್ಡ ಕಾರಣ, ಮಕ್ಕಳ ಮೇಲೆ ದೌರ್ಜನ್ಯ ಮಾಡುವವರು ಹುಡುಕುವುದು ಒಂಟಿತನದ ಅವಕಾಶವನ್ನು. 17ರ ಹುಡುಗ ಎಷ್ಟೇ ಜವಾಬ್ದಾರನಾದರೂ ಎರಡನೆಯ ವಯಸ್ಕನಲ್ಲ. ಯಾವ ಹಿರಿಯರೂ ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಇರಬಾರದು. ಮಾತಾಡಬೇಕಿದ್ದರೆ ಅಂಗಳದಲ್ಲಿ, ಇತರರಿಗೆ ಕಾಣುವಂತೆ, ಆದರೆ ಕೇಳಿಸದಷ್ಟು ದೂರದಲ್ಲಿ ಮಾತಾಡಿ. ಮೊಬೈಲ್ ಸಂದೇಶ ಮಗುವಿಗೆ ನೇರವಾಗಿ ಹೋಗದೆ ಪೋಷಕರೂ ಇನ್ನೊಬ್ಬ ಹಿರಿಯರೂ ಇರುವ ಗುಂಪಿಗೆ ಹೋಗಲಿ. ಸಭೆ ಮುಗಿದ ಮೇಲೆ ಕೊನೆಯ ಮಗುವಿನ ಮನೆಯವರು ಬರುವವರೆಗೆ ಇಬ್ಬರೂ ಕಾಯಬೇಕು. ಹಳ್ಳಿಯಲ್ಲಿ ದೂರ ಹೆಚ್ಚು, ಬಸ್ಸು ಕಡಿಮೆ, ‘ನಾನೇ ಗಾಡಿಯಲ್ಲಿ ಬಿಟ್ಟು ಬರುತ್ತೇನೆ’ ಎನ್ನುವುದು ಬಹಳ ಸಹಜ. ಹಾಗೆ ಒಬ್ಬರೇ ಒಂದು ಮಗುವನ್ನು ಕರೆದೊಯ್ಯುವ ರೂಢಿ ಬೇಡ. ಸಭೆಯ ಹೊತ್ತನ್ನೇ ಬೆಳಕಿಗೂ ಬಸ್ಸಿಗೂ ಹೊಂದುವಂತೆ ಇಟ್ಟರೆ ಅರ್ಧ ಸಮಸ್ಯೆ ಹುಟ್ಟುವುದಿಲ್ಲ.

‘ನಮ್ಮೂರಲ್ಲಿ ಎಲ್ಲರೂ ಗೊತ್ತಿರುವವರು, ಇದೆಲ್ಲ ಯಾಕೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುವವರಲ್ಲಿ ಹೆಚ್ಚಿನವರು ಆ ಮಗುವಿಗೆ ಪರಿಚಿತರೇ ಆಗಿರುತ್ತಾರೆ. ಗೊತ್ತಿರುವವರು ಎಂಬುದು ಭರವಸೆಯ ಮಾತಲ್ಲ. ನಿಯಮ ನಿಮಗೂ ಅನ್ವಯಿಸುತ್ತದೆ, ಬಿಟ್ಟುಹೋಗುತ್ತಿರುವ ಗೌರವಾನ್ವಿತ ಹಿರಿಯರಿಗೂ ಅನ್ವಯಿಸುತ್ತದೆ, ಪ್ರದರ್ಶನಕ್ಕೆ ಬರುವ ಅತಿಥಿಗೂ ಅನ್ವಯಿಸುತ್ತದೆ. ಎಲ್ಲರಿಗೂ ಒಂದೇ ಆದ್ದರಿಂದ ಅದು ಯಾರ ಮೇಲಿನ ಅನುಮಾನವೂ ಅಲ್ಲ.

ಒಂದು ಮಗು ನಿಮ್ಮ ಬಳಿ ಬಂದು ತನಗಾದದ್ದನ್ನು ಹೇಳಿಕೊಂಡರೆ ಏನು ಮಾಡಬೇಕೆಂದು ಈಗಲೇ ತಿಳಿದಿಟ್ಟುಕೊಳ್ಳಿ, ಆ ಗಳಿಗೆಯಲ್ಲಿ ಯೋಚಿಸಲು ಆಗುವುದಿಲ್ಲ. ಮುಖದಲ್ಲಿ ಗಾಬರಿ ತೋರಿಸದೆ ಪೂರ್ತಿ ಕೇಳಿ. ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ ಎನ್ನಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ಸಹಾಯ ಮಾಡಬಲ್ಲವರಿಗೆ ಹೇಳಲೇಬೇಕು ಎಂದು ತಿಳಿಸಿ. ಪೊಲೀಸರಂತೆ ಪ್ರಶ್ನೆ ಹಾಕಬೇಡಿ, ಆರೋಪಿ ಎನ್ನಲಾದವರನ್ನು ನೀವೇ ಹೋಗಿ ಕೇಳಬೇಡಿ. ಮಗು ಬಳಸಿದ ಮಾತುಗಳನ್ನೇ ಅದೇ ದಿನ ಬರೆದಿಟ್ಟು, ದಿನಾಂಕ, ಹೊತ್ತು ಹಾಕಿ, ಕಾನೂನು ಹೇಳುವ ಅಧಿಕಾರಿಗಳಿಗೆ ತಿಳಿಸಿ. ಹಲವು ದೇಶಗಳಲ್ಲಿ ತಿಳಿದೂ ತಿಳಿಸದಿರುವುದೇ ಅಪರಾಧ. ಊರಿನ ಮರ್ಯಾದೆ, ರಾಜಿ, ಪಂಚಾಯಿತಿ ಎಂದು ಯಾರಾದರೂ ಮಧ್ಯೆ ಬಂದರೆ ಅವರ ಮಾತು ಕೇಳಬೇಡಿ.

ದೇಹದ ಅಪಾಯಗಳು ಹಳ್ಳಿಗೆ ತಕ್ಕವು. ಟ್ರ್ಯಾಕ್ಟರ್ ಹಿಂಬದಿಯಲ್ಲಿ ಉಪಕರಣಗಳಿಗೆ ಶಕ್ತಿ ಕೊಡುವ ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಬಟ್ಟೆಯ ಅಂಚು ಸಿಕ್ಕರೆ ಕೈ ಎಳೆದುಕೊಳ್ಳುವಷ್ಟು ಸಮಯ ಇರುವುದಿಲ್ಲ. ಮುಚ್ಚಿದ ಸಗಣಿ ಗುಂಡಿ, ಹೊಂಡಗಳಲ್ಲಿ ವಿಷಾನಿಲ ತುಂಬಿರುತ್ತದೆ; ಒಳಗೆ ಬಿದ್ದವನನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಕೀಟನಾಶಕವನ್ನು ಮಕ್ಕಳು ಬೆರೆಸುವುದೂ ಬೇಡ, ಸಿಂಪಡಿಸುವುದೂ ಬೇಡ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2001ರ ಕೃಷಿ ಸುರಕ್ಷತೆಯ ಒಡಂಬಡಿಕೆ ಅಪಾಯಕಾರಿ ಕೃಷಿ ಕೆಲಸಕ್ಕೆ 18 ವರ್ಷದ ಮಿತಿ ಹಾಕುತ್ತದೆ, ತಕ್ಕ ತರಬೇತಿ ಮತ್ತು ರಕ್ಷಣೆ ಇದ್ದರೆ ಮಾತ್ರ ದೇಶದ ಕಾನೂನು 16ಕ್ಕೆ ಇಳಿಸಬಹುದು ಎನ್ನುತ್ತದೆ. ಮನೆಯಲ್ಲಿ ಆ ಹುಡುಗ ದಿನವೂ ಟ್ರ್ಯಾಕ್ಟರ್ ಓಡಿಸುತ್ತಿರಬಹುದು. ಸಂಘದ ಕೆಲಸದಲ್ಲಿ ಓಡಿಸುವುದಿಲ್ಲ ಎಂದು ಹೇಳಲು ನಿಮಗೆ ಹಕ್ಕಿದೆ, ಹೇಳಿ.

ಸಣ್ಣದಾಗಿ ಕಾಣುವ ಇನ್ನೊಂದು ಅಪಾಯ ಕೈ ತೊಳೆಯದಿರುವುದು. ದನ, ಆಡು, ಕುರಿಗಳ ಸಗಣಿ ಹಿಕ್ಕೆಯಲ್ಲಿರಬಹುದಾದ ಕೆಲವು ಬಗೆಯ ಇ. ಕೋಲಿ ಬ್ಯಾಕ್ಟೀರಿಯಾ ಚಿಕ್ಕ ಮಕ್ಕಳ ಮೂತ್ರಪಿಂಡಕ್ಕೇ ಪೆಟ್ಟು ಕೊಡಬಲ್ಲವು. ಪ್ರಾಣಿಗಳ ಕೆಲಸ ಮುಗಿದ ಕೂಡಲೇ, ಏನನ್ನಾದರೂ ತಿನ್ನುವ ಮೊದಲು, ಸಾಬೂನು ಮತ್ತು ಹರಿಯುವ ನೀರು. ಮಣ್ಣು ಮೆತ್ತಿದ ಕೈಗೆ ಸ್ಯಾನಿಟೈಸರ್ ಸಾಲದು. ಕರುಗಳ ಮೈಮೇಲಿನ ಹುಳುಕಡ್ಡಿ ಮಕ್ಕಳಿಗೂ ಹತ್ತುತ್ತದೆ, ಗುಂಡಗೆ ಕೂದಲು ಉದುರಿದ ಕರುವನ್ನು ಪ್ರದರ್ಶನಕ್ಕೆ ತರಬೇಡಿ.

ಹೊಣೆ ಪೂರ್ತಿ ನಿಮ್ಮೊಬ್ಬರದೇ ಆಗುವುದು ಸಂಘಕ್ಕೆ ಕಾಗದಪತ್ರ ಇಲ್ಲದಿದ್ದಾಗ. ಸಂಘ ನೋಂದಣಿಯಾಗಿದೆಯೇ, ಮಾತೃಸಂಸ್ಥೆ ಇದೆಯೇ, ಅಪಘಾತ ವಿಮೆ ಮತ್ತು ಹೊಣೆಗಾರಿಕೆ ವಿಮೆ ಇದೆಯೇ, ಹಿರಿಯರ ಹಿನ್ನೆಲೆ ಪರಿಶೀಲನೆ ನಡೆಯುತ್ತದೆಯೇ ಎಂದು ಕೇಳಿ. ಪ್ರತಿ ಮಗುವಿಗೂ ಪೋಷಕರ ಒಪ್ಪಿಗೆ ಪತ್ರ, ಅಲರ್ಜಿ ಹಾಗೂ ಔಷಧಿಗಳ ವಿವರ, ತುರ್ತು ಸಂಪರ್ಕದ ಸಂಖ್ಯೆ ಕಾಗದದ ಮೇಲಿರಬೇಕು, ಮೊಬೈಲಿನಲ್ಲಿ ಮಾತ್ರ ಅಲ್ಲ. ಹೊಲದಲ್ಲಿ ಸಿಗ್ನಲ್ ಸಿಗದಿರಬಹುದು. ಸಣ್ಣ ಗಾಯವಾದರೂ ಒಂದು ಪುಸ್ತಕದಲ್ಲಿ ಬರೆಯಿರಿ. ನಿಯಮ ಪಾಲಿಸಿ ಬರೆದಿಟ್ಟವರಿಗೂ ಎಲ್ಲ ಬಾಯಿಮಾತಿನಲ್ಲಿ ನಡೆಸಿದವರಿಗೂ ಕಾನೂನಿನ ಮುಂದೆ ಬಹಳ ವ್ಯತ್ಯಾಸವಿದೆ.

ಹಣದ ಬಗ್ಗೆ ನಿಮಗೆ ಹೇಳಬೇಕಾದದ್ದು ಕಡಿಮೆ, ಎಚ್ಚರಿಸಬೇಕಾದದ್ದು ಒಂದಿದೆ. ಖಜಾಂಚಿ ಹುಡುಗಿಯ ಪುಸ್ತಕದಲ್ಲಿ ಲೆಕ್ಕ ತಾಳೆಯಾಗದಿದ್ದರೆ ನಿಮ್ಮ ಕೈ ತುರಿಸುತ್ತದೆ. ಐದು ನಿಮಿಷದಲ್ಲಿ ಸರಿಮಾಡಬಲ್ಲಿರಿ. ಮಾಡಬೇಡಿ. ತಪ್ಪು ಯಾವ ಪುಟದಲ್ಲಿದೆ ಎಂದು ಮಾತ್ರ ತೋರಿಸಿ. ಹಣ ಸಂಘದ ಹೆಸರಿನ ಖಾತೆಯಲ್ಲಿ, ಸಂಬಂಧಿಕರಲ್ಲದ ಇಬ್ಬರು ವಯಸ್ಕರ ಸಹಿಯಲ್ಲಿ ಇರಲಿ, ಪ್ರತಿ ಸಭೆಯಲ್ಲೂ ಖಜಾಂಚಿ ಬಾಕಿಯನ್ನು ಗಟ್ಟಿಯಾಗಿ ಓದಲಿ, ವರ್ಷಕ್ಕೊಮ್ಮೆ ಹೊರಗಿನವರು ಪರಿಶೀಲಿಸಲಿ.

ಪೋಷಕರು ತಲೆಹಾಕುತ್ತಾರೆ, ನಿಜ. ಮಗನ ಕರು ಸೋತರೆ ತೀರ್ಪುಗಾರರ ಜಾತಕ ಜಾಲಾಡುವ ತಂದೆ, ಮಗಳ ಭಾಷಣವನ್ನು ತಾನೇ ಬರೆದು ಪಾಠ ಮಾಡಿಸುವ ತಾಯಿ ಎಲ್ಲೆಡೆ ಇದ್ದಾರೆ. ಅವರನ್ನು ದೂರವಿಡಲು ಹೊರಟರೆ ಗೆಲ್ಲುವುದಿಲ್ಲ. ಕೆಲಸ ಕೊಡಿ: ಸಾಗಣೆ, ಶೆಡ್ಡಿನ ದುರಸ್ತಿ, ಪ್ರದರ್ಶನದ ದಿನ ನೀರಿನ ವ್ಯವಸ್ಥೆ. ವರ್ಷದ ಆರಂಭದಲ್ಲೇ ಒಂದು ಸಭೆ ಕರೆದು, ಪ್ರದರ್ಶನದ ಅಂಕಣದೊಳಗೆ ಪ್ರಾಣಿಯ ಜೊತೆ ಮಗು ಮಾತ್ರ ಇರುತ್ತದೆ, ದಾಖಲೆ ಪುಸ್ತಕದಲ್ಲಿ ಮಗುವಿನ ಅಕ್ಷರ ಮಾತ್ರ ಇರುತ್ತದೆ ಎಂದು ಮಕ್ಕಳ ಬಾಯಿಂದಲೇ ಹೇಳಿಸಿ. ದೂರು ಬಂದರೆ ಪ್ರದರ್ಶನದ ದಿನ ಉತ್ತರ ಕೊಡುವುದಿಲ್ಲ, ಮರುದಿನ ಬನ್ನಿ ಎನ್ನಿ. ಬರುವವರು ಕಡಿಮೆ. ಎರಡು ಮನೆಗಳ ಹಳೆಯ ಜಮೀನಿನ ಜಗಳ ಸಂಘದೊಳಗೆ ಬಂದರೆ ಆ ಮನೆಗಳ ಮಕ್ಕಳನ್ನು ಒಂದೇ ಕೆಲಸಕ್ಕೆ ಹಾಕಿ ಸ್ನೇಹ ಬೆಸೆಯುವ ಸಾಹಸ ಮಾಡಬೇಡಿ. ಅವರಿಗೇ ಬೇಕೆನಿಸಿದಾಗ ಸೇರಿಕೊಳ್ಳುತ್ತಾರೆ.

ನಿಮ್ಮ ಮಗನಿಗೆ ಇದು ಎಲ್ಲರಿಗಿಂತ ಕಷ್ಟ. ಪಕ್ಷಪಾತದ ಮಾತು ಬರಬಾರದೆಂದು ನೀವು ಅವನ ಮೇಲೆ ಹೆಚ್ಚು ಬಿಗಿಯಾಗುತ್ತೀರಿ, ಎಲ್ಲ ತಾಯಂದಿರೂ ಹಾಗೇ ಮಾಡುತ್ತಾರೆ. ಅವನ ಪುಸ್ತಕ ಪರಿಶೀಲಿಸುವುದು, ಅವನನ್ನು ತಿದ್ದುವುದು, ಬಹುಮಾನಕ್ಕೆ ಆರಿಸುವುದು ಎಲ್ಲವನ್ನೂ ಆ ಇನ್ನೊಬ್ಬ ಹಿರಿಯರಿಗೆ ಬಿಟ್ಟುಬಿಡಿ. ಒಪ್ಪಿಕೊಳ್ಳುವ ಮೊದಲು ಅವನನ್ನೂ ಒಂದು ಮಾತು ಕೇಳಿ. ಅವನು ಬೇಡವೆಂದರೆ ಅದಕ್ಕೂ ತೂಕವಿದೆ, ಇನ್ನೆರಡು ವರ್ಷ ಬಿಟ್ಟು ಸೇರಿದರೂ ಸಂಘ ಓಡಿಹೋಗುವುದಿಲ್ಲ.

ಸಮಯದ ಲೆಕ್ಕ ಹೀಗೆ. ತಿಂಗಳಿಗೆ ಎರಡು ಸಭೆಯಾದರೆ ಸಭೆಗೆ ಎರಡು ಗಂಟೆ, ತಯಾರಿಗೂ ಫೋನಿಗೂ ಸುಮಾರು ಅಷ್ಟೇ, ಆಗೊಮ್ಮೆ ಈಗೊಮ್ಮೆ ಮನೆಗಳಿಗೆ ಹೋಗಿ ಮಕ್ಕಳ ಕೆಲಸ ನೋಡುವುದು. ಪ್ರದರ್ಶನದ ತಿಂಗಳಲ್ಲಿ ಈ ಲೆಕ್ಕವೆಲ್ಲ ಮುರಿಯುತ್ತದೆ, ಆ ವಾರಕ್ಕೆ ಬ್ಯಾಂಕಿನಲ್ಲಿ ರಜೆ ಹಾಕಿ. ಬಿತ್ತನೆ, ಕೊಯ್ಲಿನ ಸಮಯದಲ್ಲಿ ಸಭೆಯೇ ಬೇಡ. ಯಾರೂ ಬರುವುದಿಲ್ಲ, ಬಾರದವರನ್ನು ದೂರುವುದೂ ಸರಿಯಲ್ಲ.

ಅವಧಿ ಮೂರು ವರ್ಷ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಏನನ್ನೂ ಬದಲಿಸದೆ ನೋಡಿ, ಸುರಕ್ಷತೆಯೊಂದನ್ನು ಬಿಟ್ಟು. ಅದು ಮೊದಲ ವಾರದಿಂದಲೇ. ಎರಡನೆಯ ವರ್ಷದ ಕೊನೆಗೆ ನಿಮ್ಮ ನಂತರ ಬರುವವರನ್ನು ಹುಡುಕಲು ಶುರುಮಾಡಿ. ಈಗಿನ ಹಿರಿಯರು ಹೋಗುವ ಮುನ್ನ ಅವರ ಜೊತೆ ಒಂದು ಸಂಜೆ ಕುಳಿತು ಸದಸ್ಯರ ಪಟ್ಟಿ, ನಡಾವಳಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ವಿಮೆಯ ಕಾಗದ, ಸಾಮಾನುಗಳ ಪಟ್ಟಿ, ಬೀರುವಿನ ಕೀಲಿಕೈ ಇಷ್ಟನ್ನೂ ಸಹಿ ಹಾಕಿ ಪಡೆದುಕೊಳ್ಳಿ. ಯಾವ ಮಗುವಿನ ಮನೆಯಲ್ಲಿ ಏನು ಕಷ್ಟವಿದೆ, ಸಭೆಗೆ ಬರುವುದನ್ನು ಯಾರು ಇತ್ತೀಚೆಗೆ ನಿಲ್ಲಿಸಿದ್ದಾರೆ ಎಂದೂ ಅವರನ್ನು ಕೇಳಿ, ಅದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಪಾಸ್‌ಬುಕ್ ಸಿಗಲಿಲ್ಲವೆಂದರೆ ಅಥವಾ ‘ಅದೆಲ್ಲ ಆಮೇಲೆ ನೋಡೋಣ’ ಎಂದರೆ, ಅದು ಕೈಗೆ ಬರುವವರೆಗೆ ನಿಮ್ಮ ಹೆಸರನ್ನು ಎಲ್ಲೂ ಬರೆಸಬೇಡಿ.